ಗ್ಯಾಸ್ ಖಾಲಿಯಾಗಿಲ್ಲ, ಜಾಲರಿ ತೊಳೆದಿಲ್ಲ

ಮಾರ್ಚ್ ಬಂತೆಂದರೆ ಕಲಬುರಗಿಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ. ಎಸಿ ಇದ್ದವರು ಮೆಕ್ಯಾನಿಕ್ಕನ್ನು ಕರೆಸಿ ‘ಗ್ಯಾಸ್ ಹಾಕಿಸುತ್ತಾರೆ’. ನಮ್ಮ ಓಣಿಯ ನಿವೃತ್ತ ಮೇಷ್ಟ್ರು ನಾಲ್ಕು ವರ್ಷದಿಂದ ಈ ವ್ರತ ಹಿಡಿದಿದ್ದಾರೆ. “ವರ್ಷಾ ಹಾಕಿಸ್ಬೇಕ್ರಿ, ಇಲ್ಲಂದ್ರ ಥಂಡಿ ಬರಂಗಿಲ್ಲ” ಎಂದರು.

“ಸರ್, ನಿಮ್ಮ ಫ್ರಿಜ್ ಯಾವಾಗಿಂದು?”

“ಮಗಳ ಲಗ್ನದ ವರ್ಷ ತಂದೀವಿ. 12 ವರ್ಷ ಆಯ್ತು.”

“ಅದಕ್ಕ ಎಷ್ಟ್ ಸಲ ಗ್ಯಾಸ್ ಹಾಕ್ಸೀರಿ?”

ಮೇಷ್ಟ್ರು ಸುಮ್ಮನಾದರು.

ಫ್ರಿಜ್ಜಿನೊಳಗೂ ಎಸಿಯೊಳಗೂ ನಡೆಯುವುದು ಒಂದೇ ಆಟ. ತಾಮ್ರದ ಕೊಳವೆಯೊಳಗೆ ಸೀಲಾಗಿರುವ ಗ್ಯಾಸು ಕೋಣೆಯಲ್ಲಿ ಕುದಿದು ಶಾಖ ಹೀರುತ್ತದೆ, ಹೊರಗಿನ ಯೂನಿಟ್ಟಿನಲ್ಲಿ ಮತ್ತೆ ದ್ರವವಾಗಿ ಅದನ್ನು ಬಿಟ್ಟುಕೊಡುತ್ತದೆ. ಸುತ್ತುತ್ತದೆ, ಸವೆಯುವುದಿಲ್ಲ. ತಪ್ಪೆಲ್ಲ ಆ ‘ಗ್ಯಾಸ್’ ಎಂಬ ಪದದ್ದು ಅಂತ ನನ್ನ ಗುಮಾನಿ. ಕೇಳಿದ ಕೂಡಲೇ ಅಡುಗೆಮನೆಯ ಸಿಲಿಂಡರ್ ಕಣ್ಮುಂದೆ ಬರುತ್ತದೆ. ಸಿಲಿಂಡರಿನದು ಉರಿದು ಹೋಗುತ್ತದೆ, ಎಸಿಯದು ಎಲ್ಲಿಗೆ ಹೋಗಬೇಕು?

ಸೋರಿದರೆ ಹೋಗುತ್ತದೆ, ನಿಜ. ಆಗ ಸೋಪಿನ ನೀರು ಹಚ್ಚಿ ಸೋರುವ ಜಾಗ ಹುಡುಕಬೇಕು, ಮುಚ್ಚಬೇಕು, ವ್ಯಾಕ್ಯೂಮ್ ಮಾಡಬೇಕು, ಯೂನಿಟ್ಟಿನ ಫಲಕದಲ್ಲಿ ಬರೆದಷ್ಟನ್ನು ತೂಗಿ ತುಂಬಬೇಕು. ಸೋರಿಕೆ ಹುಡುಕದೆ ವರ್ಷವರ್ಷ ತುಂಬಿಸುವುದು ತೂತಿನ ಕೊಡ ಹೊತ್ತು ಬಾವಿಗೆ ಹೋದ ಹಾಗೆ.

ಮೇಷ್ಟ್ರ ಎಸಿಯಲ್ಲಿ ತೂತೂ ಇರಲಿಲ್ಲ. ಮುಂದಿನ ಮುಚ್ಚಳ ಎತ್ತಿ ಜಾಲರಿ ಎಳೆದೆ. ಅದು ಜಾಲರಿಯಾಗಿ ಉಳಿದಿರಲಿಲ್ಲ, ಕಂಬಳಿಯಾಗಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊರಗೆ ಬಂದಿಲ್ಲವಂತೆ. ಅದು ಬಿಚ್ಚಲು ಬರುತ್ತದೆಂದೇ ಅವರಿಗೆ ಗೊತ್ತಿರಲಿಲ್ಲ.

ಜಾಲರಿ ಕಟ್ಟಿಕೊಂಡರೆ ಕೋಣೆಯ ಬಿಸಿಗಾಳಿ ತಣ್ಣನೆಯ ಕಾಯಿಲ್‌ವರೆಗೆ ಮುಟ್ಟುವುದಿಲ್ಲ. ಶಾಖ ಸಿಗದ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಗಾಳಿಯ ತೇವ ಅದರ ಮೇಲೆ ಮಂಜುಗಡ್ಡೆಯಾಗಿ ಕೂರುತ್ತದೆ. ಉಳಿದ ಸಂದುಗಳೂ ಮುಚ್ಚುತ್ತವೆ. ಎಸಿ ಆರಿಸಿದಾಗ ಅದು ಕರಗಿ ಗೋಡೆಯ ಮೇಲೆ ಇಳಿಯುತ್ತದೆ, ಮನೆಯವರು ಎಸಿ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಇನ್ನೂ ಮಜಾ ಇರುವುದು ಗೇಜಿನಲ್ಲಿ. ಶಾಖ ಸಾಲದೆ ಗ್ಯಾಸು ಸರಿಯಾಗಿ ಕುದಿಯುವುದಿಲ್ಲ, ಒತ್ತಡ ಬೀಳುತ್ತದೆ, ಮುಳ್ಳು ಕೆಳಗೆ ನಿಲ್ಲುತ್ತದೆ. “ನೋಡ್ರಿ, ಗ್ಯಾಸ್ ಕಮ್ಮಿ ಆಗ್ಯಾದ.” ಅಂದರೆ ಪ್ರಾಮಾಣಿಕ ಮೆಕ್ಯಾನಿಕ್ಕೂ ಮೋಸಹೋಗಬಹುದು, ಅಪ್ರಾಮಾಣಿಕನಿಗಂತೂ ಸಾಕ್ಷಿಯೇ ಸಿಕ್ಕಂತಾಯಿತು. ಸರಿಯಾಗಿದ್ದುದಕ್ಕೇ ಇನ್ನಷ್ಟು ತುಂಬಿದರೆ, ಮುಂದೆ ಎಂದೋ ಜಾಲರಿ ತೊಳೆದ ದಿನ ಒತ್ತಡ ಏರಿ ಕಂಪ್ರೆಸರ್ ಏದುಸಿರು ಬಿಡುತ್ತದೆ. ಆದ್ದರಿಂದ ಗೇಜು ಹಚ್ಚುವ ಮೊದಲು ಜಾಲರಿ ತೊಳೆಯಲು ಹೇಳಿ. ಒಪ್ಪದಿದ್ದರೆ ಚಹಾ ಕುಡಿಸಿ ಕಳಿಸಿ.

ನಲ್ಲಿ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ನೆರಳಲ್ಲಿ ಒಣಗಿಸುವುದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಕೊಡಲಾರೆ. ಈ ಜಾಲರಿ ದಪ್ಪ ಧೂಳನ್ನಷ್ಟೇ ಹಿಡಿಯುತ್ತದೆ, ಹೊಗೆ ಸೋಸುವುದಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯದನ್ನೇ ಸುತ್ತಿಸುತ್ತದೆ. ಇನ್ವರ್ಟರ್ ಅಲ್ಲದ ಎಸಿಯನ್ನು 16ಕ್ಕೆ ಇಟ್ಟರೆ ಬೇಗ ತಂಪಾಗುವುದಿಲ್ಲ, ಬಿಲ್ಲಷ್ಟೇ ಬೇಗ ಏರುತ್ತದೆ. 2020ರಿಂದ ಸ್ಟಾರ್ ಲೇಬಲ್ಲಿನ ಹೊಸ ಎಸಿಗಳು 24ಕ್ಕೇ ಚಾಲೂ ಆಗಬೇಕೆಂಬ ಸರ್ಕಾರಿ ನಿಯಮ ಸುಮ್ಮನೆ ಬಂದದ್ದಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ಬೇರೆಯದೇ ಮಾತು: ಅಲ್ಲಿ ಚಳಿಗಾಲದ ಫರ್ನೇಸಿಗೂ ಬೇಸಿಗೆಯ ಎಸಿಗೂ ಸಾಮಾನ್ಯವಾಗಿ ಒಂದೇ ಫಿಲ್ಟರ್, ಬಹುಪಾಲು ಕಾಗದದಂಥದ್ದು. ಊರಿನ ರೂಢಿಯಂತೆ ಅದನ್ನು ತೊಳೆದು ಹಾಕಬೇಡಿ, ಬದಲಿಸಿ.

ನಾಲ್ಕು ಟೊಮೆಟೊ ಕೊಳ್ಳುವಾಗ ಹತ್ತನ್ನು ಹಿಚುಕಿ ನೋಡುವ ನಾವು, ಕಣ್ಣಿಗೆ ಕಾಣದ ಗ್ಯಾಸಿಗೆ ಸಾವಿರಗಟ್ಟಲೆ ಎಣಿಸಿ ಕೊಟ್ಟು ‘ಥ್ಯಾಂಕ್ಸ್ ತಮ್ಮಾ’ ಎನ್ನುತ್ತೇವೆ. ಕೈಯಲ್ಲಿ ಮುಳ್ಳಿರುವ ಮೀಟರ್ ಇದ್ದವನು ಹೇಳಿದ್ದೆಲ್ಲ ವೇದ.

ಜಾಲರಿ ತೊಳೆದ ಸಂಜೆ ಮೇಷ್ಟ್ರು ಶಾಲು ಹೊದ್ದು ಕೂತಿದ್ದರು. ನನಗೆ ಗೆದ್ದ ಖುಷಿ. ಹೊರಡುವಾಗ ಬಾಗಿಲ ಪಕ್ಕದ ಪ್ಲಗ್ಗಿನಲ್ಲಿ ಹಸಿರು ದೀಪದ ಪುಟ್ಟ ಡಬ್ಬಿಯೊಂದು ಕಂಡಿತು. ಏನೆಂದು ಕೇಳಿದೆ.

“ಜಾತ್ರ್ಯಾಗ ತಂದೀನ್ರಿ. ಇದನ್ನ ಹಚ್ಚಿದ್ರ ಕರೆಂಟ್ ಬಿಲ್ ಅರ್ಧಾ ಆಗ್ತದಂತ.”