ಹೊಲದ ದಾರಿಗೆ ಬ್ಯಾಟರಿ ಗಾಡಿ: ದಿನಕ್ಕೆ ಎಷ್ಟು ಕಿಲೋಮೀಟರು ಓಡಿಸ್ತೀರಿ?

ನಮ್ಮದು ಯಲಬುರ್ಗಾ ತಾಲೂಕು, ಒಣಬೇಸಾಯ. ಮಸಾರಿ ನಾಲ್ಕು ಎಕರೆ, ಎರೆ ಮೂರು ಎಕರೆ. ಮನೆಯಿಂದ ಹೊಲಕ್ಕೆ ಮೂರು ಕಿಲೋಮೀಟರು. ಒಂದು ಕಿಲೋಮೀಟರು ಡಾಂಬರು, ಉಳಿದದ್ದು ಗರಸು, ಬಂಡಿ ಜಾಡು, ನಡುವೆ ಒಂದು ಹಳ್ಳ. ದಿನಕ್ಕೆ ಎರಡು ಸಲ ಹೋಗಿ ಬಂದರೆ 12 ಕಿಲೋಮೀಟರು. ಹನ್ನೊಂದು ವರ್ಷದ ನನ್ನ ಮೊಪೆಡ್ಡು ಹೊಗೆ ಉಗುಳತೊಡಗಿದ ಮೇಲೆ ಅಣ್ಣನ ಮಗ ಗಂಟುಬಿದ್ದ. "ಕಾಕಾ, ಇನ್ನೂ ಯಾಕ ಪೆಟ್ರೋಲು? ಬ್ಯಾಟರಿ ಗಾಡಿ ತಗೋರಿ" ಅಂತ.

ಅವನು ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಹಂಚುವವನು. ಮನೆ ಕಟ್ಟಿಸಲಿಕ್ಕೆ ಮೂರು ತಿಂಗಳು ಊರಲ್ಲಿದ್ದ. ತನ್ನ ಗಾಡಿಯನ್ನೂ ತಂದಿದ್ದ, ಅದೂ ಟೆಂಪೋದಲ್ಲಿ ಹೇರಿಕೊಂಡು! ಒಂದೇ ಚಾರ್ಜಿನಲ್ಲಿ ಅಷ್ಟು ದೂರ ಬರುವುದಿಲ್ಲವಲ್ಲ. ಕೊಳ್ಳುವ ಮೊದಲು ಓಡಿಸಿ ನೋಡೋಣ ಎಂದು ಮುಂಗಾರಿನ ಆ ಮೂರು ತಿಂಗಳು ನಾನು ಅದರಲ್ಲೇ ಹೊಲಕ್ಕೆ ಹೋದೆ, ಲೆಕ್ಕ ಬರೆದಿಟ್ಟೆ. ಗಾಡಿಗೆ ಹಾಕುವಷ್ಟು ದುಡ್ಡು ನಮ್ಮಂಥವರ ಕೈಗೆ ಬರುವುದು ತೊಗರಿ ಮಾರಿದಾಗ ಒಮ್ಮೆ, ಮಳೆ ಕೈ ಹಿಡಿದರೆ ಮಾತ್ರ.

ಮೊದಲು ಬ್ಯಾಟರಿ ಅಳೆಯುವುದನ್ನು ಕಲಿಯಿರಿ. ಅದರ ಮೇಲೆ ವೋಲ್ಟು, ಆಂಪಿಯರ್-ಅವರು ಎಂದು ಎರಡು ಅಂಕಿ ಇರುತ್ತವೆ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಎಷ್ಟು ಯುನಿಟ್ ಕರೆಂಟು ಹಿಡಿಯುತ್ತದೆ ಎಂದು ತಿಳಿಯುತ್ತದೆ. ಈ ಗಾಡಿಯದು 60 ವೋಲ್ಟು, 35 ಆಂಪಿಯರ್-ಅವರು. ಅಂದರೆ 2.1 ಯುನಿಟ್. ಅಂಗಡಿಯವರು ಹೇಳಿದ್ದು 90 ಕಿಲೋಮೀಟರು. ಹುಬ್ಬಳ್ಳಿ ಪೇಟೆಯಲ್ಲಿ ಹುಡುಗನಿಗೆ ಸಿಕ್ಕಿದ್ದು 70. ನಮ್ಮ ದಾರಿಯಲ್ಲಿ ಹಿಂದೆ ಹುಲ್ಲಿನ ಹೊರೆ, ಮುಂದೆ ಗೊಬ್ಬರದ ಚೀಲ ಇಟ್ಟುಕೊಂಡು ನನಗೆ ಸಿಕ್ಕಿದ್ದು 50. ಆದ್ದರಿಂದ ಹೊಲದ ದಾರಿಗೆ ಒಂದು ಯುನಿಟ್ಟಿಗೆ 25 ಕಿಲೋಮೀಟರಿನಷ್ಟೇ ಹಿಡಿಯಿರಿ.

ಎಳೆಯುವ ಶಕ್ತಿಗೆ ಮಾತ್ರ ಹೆಸರಿಡುವಂತಿಲ್ಲ. ನಿಂತಲ್ಲಿಂದಲೇ ಜಗ್ಗುತ್ತದೆ. ಕ್ಲಚ್ಚಿಲ್ಲ, ಕಿಕ್ ಹೊಡೆಯುವುದಿಲ್ಲ. ಬದುವಿನ ಏರಿಗೆ ನಮ್ಮ ಮೊಪೆಡ್ಡು ಏದುಸಿರು ಬಿಡುವ ಕಡೆ ಇದು ಸದ್ದಿಲ್ಲದೆ ಏರಿತು. ನನ್ನ ಹೆಂಡತಿಯೂ ನಾಲ್ಕು ದಿನದಲ್ಲಿ ಕಲಿತಳು. ಆದರೆ "ಲೈಸೆನ್ಸ್ ಬೇಡ, ನಂಬರ್ ಬೇಡ" ಎಂದು ಮಾರುವ ಸಣ್ಣ ಗಾಡಿಗಳ ಮಾತು ಬೇರೆ. ನಿಯಮದ ಪ್ರಕಾರ ಅವುಗಳ ಮೋಟಾರು 250 ವ್ಯಾಟ್ ದಾಟುವಂತಿಲ್ಲ, ವೇಗ ಗಂಟೆಗೆ 25 ಕಿಲೋಮೀಟರು ದಾಟುವಂತಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅಂದಮೇಲೆ ಇದು ಎಚ್‌ಪಿಯ ಮೂರನೇ ಒಂದು ಪಾಲು. ಎರಡು ಚೀಲ ಹೇರಿ ಬದು ಏರಿಸುವ ಆಸೆ ಬೇಡ.

ತೊಂದರೆ ಶುರುವಾದದ್ದು ಎರೆಯಲ್ಲಿ. ಮಳೆ ಬಿದ್ದ ಮರುದಿನ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ತುಂಬಿ ಗಾಡಿ ನಿಂತುಬಿಟ್ಟಿತು. ಮೊಪೆಡ್ಡಿಗೂ ಹೀಗಾಗುತ್ತದೆ, ನಿಜ. ಆದರೆ ಟಿವಿಎಸ್ ಎಕ್ಸ್‌ಎಲ್‌ದು 16 ಇಂಚಿನ ಗಾಲಿ, ತೂಕ ಎಂಬತ್ತು ಚಿಲ್ಲರೆ ಕೆಜಿ. ಕಡ್ಡಿಯಿಂದ ಕೆದರಿ ಒಬ್ಬನೇ ಎತ್ತಿ ಇಡಬಹುದು. ಇದರದ್ದು 12 ಇಂಚಿನ ಗಾಲಿ, 110 ಕೆಜಿ. ಇಬ್ಬರು ಬೇಕಾಯಿತು. ಹಳ್ಳ ದಾಟಲು ಹೆದರಿಕೆ ಇತ್ತು. ಬ್ಯಾಟರಿ ಮೇಲೆ ಐಪಿ 67 ಎಂದು ಬರೆದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅರ್ಥ. ಅದು ಬ್ಯಾಟರಿ ಮಾತು. ವೈರು ಕೂಡಿಸುವ ಕಡೆ ಕೆಸರು ಹೊಕ್ಕರೆ ಅಲ್ಲಿಗೆ ಮುಗಿಯಿತು. ಮೊಣಕಾಲು ನೀರಿದ್ದಾಗ ನಾನು ಇಳಿಸಲಿಲ್ಲ.

ಕಚ್ಚಾ ದಾರಿಗೆಂದೇ ಮಾಡಿದ ಬ್ಯಾಟರಿ ಬೈಕುಗಳೂ ಇವೆ. ನ್ಯೂಜಿಲೆಂಡಿನಲ್ಲಿ ರೈತರಿಗಾಗಿ ಉಬ್ಕೊ ಎಂಬುದು ಬಂತು. ಎರಡೂ ಗಾಲಿಗೆ ಒಂದೊಂದು ಮೋಟಾರು, ಹಿಂದೆ ಮುಂದೆ ಕ್ಯಾರಿಯರು, ದೊಡ್ಡ ಗಾಲಿ, ತೂಕ 70 ಕೆಜಿ ಆಸುಪಾಸು. ನಮಗೆ ಬೇಕಾದದ್ದು ಇಂಥದ್ದೇ. ಬೆಲೆ ಮಾತ್ರ ನಮ್ಮ ದುಡ್ಡಿನಲ್ಲಿ ಮೂರು ಲಕ್ಷಕ್ಕೂ ಮೇಲೆ. ಅಷ್ಟರಲ್ಲಿ ಒಳ್ಳೆ ಜೋಡೆತ್ತು ಕೊಂಡು ಇನ್ನೂ ದುಡ್ಡು ಉಳಿಯುತ್ತದೆ.

ಇನ್ನು ಖರ್ಚು. ಪೆಟ್ರೋಲಿಗೆ 103 ರೂ., ಲೀಟರಿಗೆ 45 ಕಿಲೋಮೀಟರು ಎಂದು ಹಿಡಿದರೆ ಕಿಲೋಮೀಟರಿಗೆ 2 ರೂ. 30 ಪೈಸೆ. ಬ್ಯಾಟರಿ ತುಂಬಲು ಮೀಟರಿನಲ್ಲಿ 2.4 ಯುನಿಟ್ ಓಡುತ್ತದೆ, ಚಾರ್ಜರ್ ಕಾದು ಹೋಗುವುದೂ ಅದರಲ್ಲಿ ಸೇರಿದೆ. ಯುನಿಟ್ಟಿಗೆ 6 ರೂ. ಹಾಕಿದರೆ ಕಿಲೋಮೀಟರಿಗೆ 30 ಪೈಸೆ. "ಗೃಹಜ್ಯೋತಿ ಐತಲ್ಲ, ಪುಕ್ಕಟೆ" ಎನ್ನುವವರಿದ್ದಾರೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯುನಿಟ್ ಇಲ್ಲ. ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಹಾಕಿದ್ದಾರೆ, ಮೀರಿದ್ದಕ್ಕೆ ಬಿಲ್ಲು ಬರುತ್ತದೆ. ನನ್ನ ಲೆಕ್ಕದಲ್ಲಿ ತಿಂಗಳಿಗೆ 17 ಯುನಿಟ್ ಹೆಚ್ಚಾಯಿತು.

ನಾನು ಓಡಿಸುವುದು ತಿಂಗಳಿಗೆ 360 ಕಿಲೋಮೀಟರು. ಉಳಿಯುವುದು 720 ರೂ. ಆಯಿಲು, ಪ್ಲಗ್ಗು ಸೇರಿಸಿ 800 ಅನ್ನಿ. ಹೊಸ ಮೊಪೆಡ್ಡಿಗೂ ಈ ಗಾಡಿಗೂ ನಾನು ಕೇಳಿದಾಗ 50 ಸಾವಿರ ವ್ಯತ್ಯಾಸ. ಅದು ಮರಳಿ ಬರಲು ಐದು ವರ್ಷ ದಾಟುತ್ತದೆ. ಆ ಹೊತ್ತಿಗೆ ಬ್ಯಾಟರಿಗೆ ಮುಪ್ಪು, ಹೊಸದಕ್ಕೆ ನನಗೆ ಹೇಳಿದ ಬೆಲೆ 36 ಸಾವಿರ. ಬ್ಯಾಟರಿ ಓಡಿಸಿದರಷ್ಟೇ ಸವೆಯುವುದಿಲ್ಲ, ನಿಂತಲ್ಲೇ ವಯಸ್ಸಾಗುತ್ತದೆ. ಕಡಿಮೆ ಓಡಿಸುವವನಿಗೆ ಇದೇ ಹೊಡೆತ.

ಅಣ್ಣನ ಮಗನದು ದಿನಕ್ಕೆ 60 ಕಿಲೋಮೀಟರು. ಅವನಿಗೆ ತಿಂಗಳಿಗೆ 2,500 ಉಳಿಯುತ್ತದೆ, ಇಪ್ಪತ್ತು ತಿಂಗಳಲ್ಲಿ ಅಸಲು ಬಂತು. ಅವನು ಹೇಳುವುದು ಸುಳ್ಳಲ್ಲ. ದಿನಾ ಪೇಟೆಗೆ ಹಾಲು, ತರಕಾರಿ ಒಯ್ದು 30 ಕಿಲೋಮೀಟರು ಓಡಿಸುವವರಿಗೂ ಎರಡೂವರೆ ವರ್ಷದೊಳಗೆ ಗಿಟ್ಟುತ್ತದೆ. ಅಂಥವರು ಖಂಡಿತ ನೋಡಬೇಕು. ಹೊಲ-ಮನೆ ಅಷ್ಟೇ ಇರುವವರು ಸ್ವಲ್ಪ ತಡೆಯಿರಿ.

ಅಂಗಡಿಗೆ ಹೋದರೆ ಬರಿಗಾಡಿ ಓಡಿಸಿ ಬರಬೇಡಿ, ಒಂದು 50 ಕೆಜಿ ಚೀಲ ಒಯ್ದು ಹೇರಿ ಓಡಿಸಿ. ರಿಪೇರಿ ಮಾಡುವವರು ಎಷ್ಟು ದೂರ ಎಂದೂ ಕೇಳಿ. ಈ ಗಾಡಿಯ ಕಂಟ್ರೋಲರ್ ಒಮ್ಮೆ ಕೆಟ್ಟಾಗ ಹತ್ತಿರದಲ್ಲಿ ಯಾರೂ ಸಿಗದೆ ಒಂಬತ್ತು ದಿನ ನಿಂತಿತ್ತು, ಸರಿಯಾಗಿ ಹೆಸರು ಬಿಡಿಸುವ ಹೊತ್ತಿನಲ್ಲಿ. ಸದ್ಯಕ್ಕೆ ನಾನು ಹಳೇ ಮೊಪೆಡ್ಡಿನ ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸಿದ್ದೇನೆ. ಏಳು ಸಾವಿರ ಆಯಿತು.