ಮಾನಿಟರ್‌ನಲ್ಲಿ ಕೆಂಪು, ಕಾಗದದ ಮೇಲೆ ಕಂದು!

ಪರದೆ ಮೇಲೆ ಚೆಂದ ಕಂಡ ಫೋಟೊ ಪ್ರಿಂಟ್ ಆಗಿ ಬಂದಾಗ ಮಂಕಾಗಿರುವುದನ್ನು ನೀವೂ ನೋಡಿರಬಹುದು. ಬೈಗುಳವೆಲ್ಲ ಸ್ಟುಡಿಯೊದವರಿಗೆ. ಆದರೆ ಎಷ್ಟೋ ಸಲ ಕಾರಣ ನಮ್ಮ ಮೇಜಿನ ಮೇಲಿನ ಮಾನಿಟರ್ರೇ.

ಬೆಳಗಾವಿಯಲ್ಲಿ ಡಿಸೈನ್ ಕೆಲಸ ಮಾಡುವ ನನ್ನ ಬಳಿಗೆ ಖಾನಾಪುರದ ಕುಂಬಾರರೊಬ್ಬರು ಬೇರೆಲ್ಲೋ ಮಾಡಿಸಿದ್ದ ಕ್ಯಾಟಲಾಗ್ ತಂದರು. ಅದರಲ್ಲಿ ಕೆಂಪು ಮಡಕೆಗಳೆಲ್ಲ ಕಂದು! "ಇದು ನಮ್ಮ ಮಣ್ಣಿನ ಬಣ್ಣ ಅಲ್ರೀ. ಗಿರಾಕಿ ಇದನ್ನ ನೋಡಿ ಆರ್ಡರ್ ಕೊಟ್ಟು, ಆಮ್ಯಾಲೆ ಬ್ಯಾರೇದು ಕಳಿಸೀರಿ ಅಂದ್ರ ನಾವೇನ್ ಮಾಡೂದ್ರಿ?" ಅಂದರು. ಅವರ ದುಡಿಮೆಯೇ ಆ ಬಣ್ಣದ ಮೇಲೆ ನಿಂತಿದೆ.

ಹೀಗೇಕೆ ಆಗುತ್ತದೆ? ಮಾನಿಟರ್ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಸೂಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ; ಕೋಣೆಯ ಬೆಳಕು ಶಾಯಿಗೆ ಬಿದ್ದು ಮರಳಿದಾಗಲೇ ಬಣ್ಣ. ಹೊಸ ಮಾನಿಟರ್‌ಗಳು ಸಾಮಾನ್ಯವಾಗಿ ಅತಿ ಪ್ರಖರವಾಗಿರುತ್ತವೆ. ಅಂಥದ್ದರಲ್ಲಿ ಸರಿ ಅನ್ನಿಸಿದ ಚಿತ್ರ ಪ್ರಿಂಟ್‌ನಲ್ಲಿ ಕಪ್ಪಿಡುತ್ತದೆ. ಕಿತ್ತಳೆಗೆಂಪಿನ ಹೊಳಪು ಇಳಿದರೆ ಕಣ್ಣಿಗೆ ಅದೇ ಕಂದು!

ಸರಿಪಡಿಸುವುದು ಕಷ್ಟವಲ್ಲ. ನಾನು ಮಾಡುವುದು ಇಷ್ಟು:

1. ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಡಿ. ನೈಟ್ ಲೈಟ್, ಟ್ರೂ ಟೋನ್ ಬಂದ್ ಮಾಡಿ. ಕಿಟಕಿಯ ಬಿಸಿಲು ಪರದೆಗೆ ಬೀಳದಿರಲಿ.

2. ಬ್ರೈಟ್‌ನೆಸ್ ಇಳಿಸಿ. ಪ್ರಿಂಟ್ ಕೆಲಸಕ್ಕೆ ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ ಸಾಕು. ಅಳೆಯಲು ಸಾಧನವಿಲ್ಲವೇ? ಒಳ್ಳೆ ಬೆಳಕಿನಲ್ಲಿ ಬಿಳಿ ಹಾಳೆಯನ್ನು ಪಕ್ಕಕ್ಕೆ ಹಿಡಿದು, ಪರದೆಯ ಬಿಳುಪು ಅದಕ್ಕೆ ಹೊಂದುವವರೆಗೆ ಇಳಿಸಿ.

3. ವೈಟ್ ಪಾಯಿಂಟ್ 6500 ಕೆಲ್ವಿನ್, ಗಾಮಾ 2.2 ಇರಲಿ. ವಿಂಡೋಸ್, ಮ್ಯಾಕ್ ಎರಡರಲ್ಲೂ ಕ್ಯಾಲಿಬ್ರೇಷನ್ ಸೌಲಭ್ಯವಿದೆ. ಆದರೆ ಅಲ್ಲಿ ಕಣ್ಣಳತೆಯೇ ಗತಿ. ಕಲರಿಮೀಟರ್ ಆದರೆ ಪರದೆಗೆ ಆತು ಕುಳಿತು ಬಣ್ಣ ಅಳೆಯುತ್ತದೆ. ಅದರಿಂದ ಐಸಿಸಿ ಪ್ರೊಫೈಲ್ ಸಿದ್ಧವಾಗುತ್ತದೆ. ಐಸಿಸಿ ಎಂದರೆ 1993ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟ.

4. ಪ್ರಿಂಟ್ ಲ್ಯಾಬ್‌ನವರ ಪ್ರೊಫೈಲ್ ಕೇಳಿ ಪಡೆದು, ಫೋಟೊಶಾಪ್‌ನಲ್ಲಿ ಸಾಫ್ಟ್ ಪ್ರೂಫ್ ನೋಡಿ. ಸಿಗದಿದ್ದರೆ ಎಸ್‌ಆರ್‌ಜಿಬಿ ಫೈಲ್ ಕಳಿಸಿ, "ಆಟೊ ಕರೆಕ್ಷನ್ ಬ್ಯಾಡ್ರಿ" ಅಂತ ಖಂಡಿತ ಹೇಳಿ.

5. ಪೂರ್ತಿ ಕೆಲಸಕ್ಕೆ ಮುಂಚೆ ಒಂದು ಸಣ್ಣ ಪ್ರಿಂಟ್ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ.

ಕ್ಯಾಟಲಾಗ್‌ಗೆ ಹೊಸದಾಗಿ ಫೋಟೊ ತೆಗೆದು ಹೀಗೇ ಮಾಡಿದೆವು. ಪರೀಕ್ಷೆಯ ಪ್ರಿಂಟ್ ಮೇಲೆ ಕುಂಬಾರರು ಮಡಕೆಯ ಚೂರೊಂದನ್ನಿಟ್ಟು ನೋಡಿದರು. "ಹಾಂ, ಈಗ ನಮ್ಮ ಮಣ್ಣು ಆತ್ರಿ!"

ಒಂದು ಮಾತು ನೆನಪಿರಲಿ. ಪರದೆ ಮತ್ತು ಕಾಗದ ನೂರಕ್ಕೆ ನೂರು ಒಂದಾಗವು. ಭೀಮಗಡದ ಕಾಡಿನ ಮಳೆಗಾಲದ ಹಸಿರು, ಮದುವೆ ಸೀರೆಯ ಗಾಢ ನೀಲಿ – ಇಂಥ ಕೆಲವು ಬಣ್ಣಗಳು ಶಾಯಿಯ ಅಳವಿಗೆ ಮೀರಿದವು. ಎಷ್ಟು ಮಂಕಾಗುತ್ತದೆ ಎಂಬುದು ಮೊದಲೇ ಗೊತ್ತಾದರೆ ಅದಕ್ಕೆ ತಕ್ಕಂತೆ ಚಿತ್ರ ತಿದ್ದಬಹುದು. ಮಾನಿಟರ್ ಹಳೆಯದಾದಂತೆ ಬಣ್ಣವೂ ಜಾರುತ್ತದೆ, ತಿಂಗಳಿಗೊಮ್ಮೆ ಪರೀಕ್ಷಿಸಿ. ಮದುವೆ ಆಲ್ಬಂಗೋ, ಅಜ್ಜಿಯ ದೊಡ್ಡ ಫೋಟೊಗೋ ಹಣ ಕಟ್ಟುವ ಮುಂಚೆ ಆ ಅರ್ಧ ತಾಸು ಕೊಟ್ಟರೆ ಸಾಕು.