ರಿಪೋರ್ಟ್ ಇನ್ನೂ ಯಾಕೆ ಬಂದಿಲ್ಲ?

ಡಾಕ್ಟರು ಬಯಾಪ್ಸಿ ಬರೆದುಕೊಟ್ಟ ಕೂಡಲೇ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ‘ಹಾಗಾದ್ರೆ ಕ್ಯಾನ್ಸರೇ ಇರಬೇಕು’ ಅನ್ನುವುದು ಒಂದು, ‘ಗಂಟಿಗೆ ಸೂಜಿ ಚುಚ್ಚಿದರೆ ಹರಡುತ್ತದಂತೆ’ ಅನ್ನುವುದು ಇನ್ನೊಂದು. ಕಿಡ್ನಿ, ಲಿವರ್, ಸಣ್ಣ ಕರುಳಿನ ಎಷ್ಟೋ ಬಯಾಪ್ಸಿಗಳಿಗೂ ಕ್ಯಾನ್ಸರಿಗೂ ಸಂಬಂಧವಿರುವುದಿಲ್ಲ. ಸೂಜಿ ಹಾದ ದಾರಿಯಲ್ಲಿ ರೋಗ ಬೇರೂರುವುದು ತೀರಾ ಅಪರೂಪ. ವೃಷಣದ ಗಂಟಿನಂಥ ಕೆಲವೆಡೆ ಮಾತ್ರ ವೈದ್ಯರೇ ಸೂಜಿ ಹಾಕಲು ಒಪ್ಪುವುದಿಲ್ಲ. ಈ ಮಾತು ನಂಬಿ ತಿಂಗಳುಗಟ್ಟಲೆ ಸುಮ್ಮನೆ ಕೂತರೆ ಮಾತ್ರ ರೋಗ ಹರಡಲು ಬೇಕಾದಷ್ಟು ಸಮಯ ಸಿಗುತ್ತದೆ.

ನನ್ನನ್ನು ಕೇಳಿದರೆ, ಸೂಜಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ತುಣುಕು ಹಾಕುವ ಡಬ್ಬಿಗೆ. ಕುತ್ತಿಗೆಯಲ್ಲಿ ವಾರಗಟ್ಟಲೆ ಇಳಿಯದ ಗಂಟು ಭಾರತದಲ್ಲಿ ಕ್ಷಯವಾಗಿರುವುದು ಸಾಮಾನ್ಯ. ತೆಗೆದದ್ದಷ್ಟನ್ನೂ ಫಾರ್ಮಲಿನ್‌ಗೆ ಹಾಕಿದರೆ ಕ್ಷಯದ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ, ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ; ಯಾವ ಔಷಧಿಗೆ ಅದು ಬಗ್ಗುತ್ತದೆಂದು ಬೆಳೆಸಿ ನೋಡುವ ದಾರಿ ಮುಚ್ಚಿತು. ಒಂದು ತುಣುಕು ಬರೀ ಸಲೈನ್‌ನಲ್ಲಿ ಹೋಗಬೇಕು. ‘ಟಿಬಿಗೂ ಕಳಿಸ್ತೀರಾ ಸಾರ್?’ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಉಳಿದದ್ದಕ್ಕೆ ಫಾರ್ಮಲಿನ್ನೇ ಬೇಕು, ಅದೂ ಸಾಕಷ್ಟು ಹೊತ್ತು. ಸ್ತನದ ತುಣುಕಿಗೆ 6ರಿಂದ 72 ಗಂಟೆಯ ಮಿತಿಯಿದೆ. ಅವಸರ ಮಾಡಿದರೆ ಮುಂದಿನ ಇಆರ್, ಹರ್-2 ಪರೀಕ್ಷೆಗಳನ್ನು ನಂಬುವಂತಿಲ್ಲ, ಚಿಕಿತ್ಸೆ ನಿಂತಿರುವುದೋ ಅವುಗಳ ಮೇಲೆ. ಆಮೇಲೆ ಆಲ್ಕೋಹಾಲ್ ನೀರು ತೆಗೆಯುತ್ತದೆ, ಜೈಲೀನ್ ಆಲ್ಕೋಹಾಲ್ ತೆಗೆಯುತ್ತದೆ, ಆ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣ ಇಳಿಯುತ್ತದೆ. ಗಟ್ಟಿಯಾದ ಈ ಬ್ಲಾಕನ್ನು ಟೆಕ್ನಿಷಿಯನ್ 4 ಮೈಕ್ರಾನ್ ತೆಳುವಾಗಿ, ಅಂದರೆ ಒಂದು ಮಿಲಿಮೀಟರಿನ 250ನೇ ಒಂದು ಪಾಲಿಗೆ ಹೆರೆಯುತ್ತಾರೆ. ಬಣ್ಣ ಹಾಕಿದ ಮೇಲೆ ಕೋಶದ ನ್ಯೂಕ್ಲಿಯಸ್ ನೀಲಿ, ಸುತ್ತಲಿನದು ಗುಲಾಬಿ. ಆ ನೀಲಿಯ ಮೂಲ ಮಧ್ಯ ಅಮೆರಿಕದ ಒಂದು ಮರ!

ಆಪರೇಷನ್ ನಡೆಯುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ಅರ್ಧ ಗಂಟೆಯೊಳಗೆ ಹೇಳುವ ಫ್ರೋಜನ್ ಸೆಕ್ಷನ್ ಇದೆಯಲ್ಲ ಎನ್ನಬಹುದು. ಅದರ ಚಿತ್ರ ಅಷ್ಟು ಸ್ಪಷ್ಟವಿರುವುದಿಲ್ಲ. ಇನ್ನೆಷ್ಟು ಕತ್ತರಿಸಬೇಕೆಂದು ಸರ್ಜನ್‌ಗೆ ತಿಳಿಸಲು ಸಾಕು, ಕೊನೆಯ ಮಾತಿಗೆ ಸಾಲದು.

ಎರಡನೆಯ ವೈದ್ಯರಿಗೆ ತೋರಿಸುವಾಗ ರಿಪೋರ್ಟಿನ ಜೆರಾಕ್ಸ್ ಒಂದೇ ಒಯ್ಯಬೇಡಿ. ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡನ್ನೂ ಬ್ಲಾಕನ್ನೂ ಪಡೆಯಬಹುದು. ಹೊಸ ಪರೀಕ್ಷೆ ಬೇಕಾದರೆ ಅದೇ ಬ್ಲಾಕಿನಿಂದ ಮತ್ತೆ ಹೆರೆಯುತ್ತಾರೆ, ಇನ್ನೊಮ್ಮೆ ಚುಚ್ಚಿಸಿಕೊಳ್ಳುವುದು ತಪ್ಪೀತು. ದಾರಿಯಲ್ಲಿ ಅದನ್ನು ಬಿಸಿಲಿಗೆ ಕಾದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.